ಎಸರು ಹೆಸರಾದ ಅಡುಗೆ ಪುಸ್ತಕ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಪುಣೆಯಿಂದ ಮಗಳು ಫೋನ್ ಮಾಡಿದಳು.

"ಅಮ್ಮಾ, ಮುದ್ದೆಗೆ ಹಾಕೋ ಹೆಸರುಕಾಳನ್ನ ನೆನೆಸ್ಬೇಕಾ?"

"ಮುದ್ದೆಗೆ ಹೆಸರುಕಾಳು ಯಾರು ಹಾಕ್ತಾರೆ ಕಣೆ?"

"ನೀನೇ ಕೊಟ್ಟ ಪುಸ್ತಕದಲ್ಲಿದೆ ನೋಡು."

ಪುಟದ ಫೋಟೋ ಕಳಿಸಿದಳು. 46ನೇ ಪುಟ, ರಾಗಿಮುದ್ದೆ. 'ತಳ ದಪ್ಪ ಇರುವ ಪಾತ್ರೆಯಲ್ಲಿ ಎರಡು ಲೋಟ ನೀರಿಡಿ. ಹೆಸರು ಚೆನ್ನಾಗಿ ಕುದಿ ಬಂದ ಮೇಲೆ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ.' ಎರಡು ಸಲ ಓದಿದ ಮೇಲೆ ನನಗೆ ಹೊಳೆಯಿತು. ಅದು ಹೆಸರು ಅಲ್ಲ, ಎಸರು. ಅನ್ನಕ್ಕೋ ಮುದ್ದೆಗೋ ಒಲೆ ಮೇಲೆ ಕುದಿಯಲು ಇಡುವ ನೀರು. 'ಎಸರಿಟ್ಟೆಯಾ?' ಅನ್ನೋ ಮಾತು ಕೇಳಿಕೊಂಡೇ ನಾವೆಲ್ಲ ಬೆಳೆದದ್ದು. ಮಗಳು ಬೆಳೆದದ್ದು ಕುಕ್ಕರ್ ಕಾಲದಲ್ಲಿ, ಅವಳಿಗೆ ಆ ಪದ ಗೊತ್ತಿಲ್ಲ. ಪುಸ್ತಕದಲ್ಲಿ ಹೆಸರು ಅಂತ ಅಚ್ಚಾಗಿದ್ದರೆ ಅವಳು ಹೆಸರುಕಾಳು ಅಂತಲೇ ತಿಳಿಯಬೇಕು, ಬೇರೆ ದಾರಿ ಏನಿದೆ?

ಅವತ್ತೇ ನನ್ನ ಪ್ರತಿಯನ್ನು ತೆಗೆದು ಪೆನ್ಸಿಲ್ ಹಿಡಿದು ಮೊದಲಿಂದ ಓದಲು ಕೂತೆ. ಮೂರು ವಾರದಲ್ಲಿ ಪೂರ್ತಿ ಓದಿದೆ, ಒಂಬತ್ತು ಅಡುಗೆ ಮಾಡಿ ನೋಡಿದೆ. ಮಾಡುವಾಗ ನನ್ನ ಅಂದಾಜು, ಕೈಗುಣ ಏನೂ ಸೇರಿಸಲಿಲ್ಲ. ಅಡುಗೆ ಗೊತ್ತಿಲ್ಲದ ಹುಡುಗಿಯೊಬ್ಬಳು ಪುಸ್ತಕ ಎದುರಿಗಿಟ್ಟುಕೊಂಡು ಹೇಗೆ ಮಾಡುತ್ತಾಳೋ ಹಾಗೇ, ಇದ್ದದ್ದು ಇದ್ದ ಹಾಗೇ ಮಾಡಿದೆ. ಆಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ಪುಸ್ತಕದ ಹೆಸರು, ಪ್ರಕಾಶಕರ ಹೆಸರು ಎರಡೂ ಹಾಕುವುದಿಲ್ಲ. ಬರೆಸಿದ ಅಮ್ಮನಿಗೆ ಎಪ್ಪತ್ತು ದಾಟಿದೆ, ಇದು ಅವರ ಮೊದಲ ಪುಸ್ತಕ. ಅವರ ಅಡುಗೆಯಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ತಪ್ಪು ಆಗಿರುವುದು ಅವರ ಬಾಯಿಂದ ಹೊರಟ ಮಾತು ಅಚ್ಚಿನ ಪುಟಕ್ಕೆ ಬಂದು ಸೇರುವ ದಾರಿಯಲ್ಲಿ. ಹೆಸರು ಹಾಕಿದರೆ ಅವರಿಗೆ ಕೆಟ್ಟ ಹೆಸರು ಬರುತ್ತದೆ, ಅದು ನನಗೆ ಬೇಡ.

ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇದ್ದಾಗ ತಗೊಂಡದ್ದು. ಮುಖಬೆಲೆ 350 ರೂಪಾಯಿ, ನನಗೆ 280ಕ್ಕೆ ಸಿಕ್ಕಿತು. ಎರಡು ಪ್ರತಿ ತಂದೆ. 216 ಪುಟ, 132 ಅಡುಗೆ. ಎಲ್ಲವೂ ಮಂಡ್ಯ, ಮೈಸೂರು, ಹಾಸನದ ಕಡೆಯ ಮನೆ ಅಡುಗೆ. ಕಾಗದ ಚೆನ್ನಾಗಿದೆ, ಹೊಲಿಗೆ ಬೈಂಡಿಂಗ್ ಇದೆ, ಅಡುಗೆಮನೆ ಕಟ್ಟೆ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಅಕ್ಷರ ದಪ್ಪಗಿದೆ, ಕನ್ನಡಕ ಇಲ್ಲದೆಯೂ ಓದಬಹುದು. ಇಷ್ಟು ಖರ್ಚು ಮಾಡಿದವರು ಇನ್ನೊಂದು ಹೆಜ್ಜೆ ಹಾಕಬಾರದಿತ್ತಾ ಅಂತ ಅನ್ನಿಸುವುದೇ ಇದಕ್ಕೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು, ಹಿತಕಿದ ಬೇಳೆ ಸಾರು, ಹುರುಳಿ ಕಟ್ಟಿನ ಸಾರು, ಕಜ್ಜಾಯ, ಒತ್ತು ಶಾವಿಗೆ, ಇವನ್ನೆಲ್ಲ ಇಷ್ಟು ಬಿಡಿಸಿ ಹೇಳಿದ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಇದೇ ಮೊದಲು. ಯಾವ ಸೊಪ್ಪಿಗೆ ಯಾವುದು ಜೊತೆ, ಅಣ್ಣೆಸೊಪ್ಪು ಯಾವಾಗ ಎಳೆಯದಿರುತ್ತದೆ, ಅವರೆಕಾಯಿ ಸೊಗಡು ಅಂದರೆ ಏನು, ಎಲ್ಲ ಇದೆ. ಮುದ್ದೆ ಬೆಂದಿದೆಯೋ ಇಲ್ಲವೋ ತಿಳಿಯಲು ಕೈ ಒದ್ದೆ ಮಾಡಿಕೊಂಡು ಮುಟ್ಟಿ ನೋಡಿ, ಅಂಟದಿದ್ದರೆ ಬೆಂದಿದೆ ಅಂತ ಬರೆಸಿದ್ದಾರೆ. ಇಂಥ ಮಾತು ಜೊತೆಯಲ್ಲಿ ನಿಂತು ಕಲಿಸುವವರು ಮಾತ್ರ ಹೇಳೋದು. ಬರೀ ಅಡುಗೆಗೆ ಅಂಕ ಕೊಡಿ ಅಂದರೆ ಐದಕ್ಕೆ ಐದು ಕೊಡುತ್ತೇನೆ.

ಈಗ ಎಸರಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಈ ತಪ್ಪು ಹೇಗಾಯಿತು ಅಂತ ಯೋಚಿಸಿದರೆ ಇಡೀ ಪುಸ್ತಕದ ಕಥೆ ಅದರಲ್ಲೇ ಸಿಗುತ್ತದೆ. ಮುನ್ನುಡಿಯಲ್ಲಿ ಮನೆಯವರು ಬರೆದಿದ್ದಾರೆ: ಅಮ್ಮ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದು, ಅದನ್ನು ಕೇಳಿಕೊಂಡು ಬೇರೆಯವರು ಟೈಪ್ ಮಾಡಿದ್ದು. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿಡುವುದು ಸಹಜ. ಹಾಲು ಆಲಾಗುತ್ತದೆ, ಹಿಟ್ಟು ಇಟ್ಟಾಗುತ್ತದೆ, ಹೋಗು ಓಗು ಆಗುತ್ತದೆ. ಅದು ತಪ್ಪಲ್ಲ, ಅದು ನಮ್ಮ ಮಾತಿನ ರೀತಿ. ಟೈಪ್ ಮಾಡಿದವರಿಗೆ ಇದು ಗೊತ್ತಿತ್ತು. ಆದ್ದರಿಂದ ಅವರು ಪಾಪ ಹಕಾರ ಬಿಟ್ಟಲ್ಲೆಲ್ಲ ಸೇರಿಸುತ್ತಾ ಹೋದರು. ಎಸರು ಅನ್ನೋ ಪದ ಅವರಿಗೆ ಗೊತ್ತಿರಲಿಲ್ಲ, ಹೆಸರು ಗೊತ್ತಿತ್ತು. ಅಮ್ಮ ಹ ಬಿಟ್ಟಿದ್ದಾರೆ ಅಂದುಕೊಂಡು ಹೆಸರು ಅಂತ 'ಸರಿ' ಮಾಡಿದರು. ಸರಿ ಮಾಡಲು ಹೋಗಿಯೇ ತಪ್ಪಾಯಿತು. ಅದೇ ಪುಸ್ತಕದ 88ನೇ ಪುಟದಲ್ಲಿ ಉಪ್ಪೆಸರು ಅಂತ ಸರಿಯಾಗೇ ಅಚ್ಚಾಗಿದೆ. ಉಪ್ಪೆಸರು ಅನ್ನೋ ಪದದಲ್ಲಿ ಇರುವುದು ಉಪ್ಪು ಮತ್ತು ಎಸರು. ಒಬ್ಬರೇ ಕೂತು ಎರಡೂ ಪುಟ ಓದಿದ್ದರೆ, ಅರೆ ಇದೇನು ಅಂತ ನಿಲ್ಲಬೇಕಿತ್ತು. ಯಾರೂ ನಿಂತಿಲ್ಲ.

ಹಕಾರದ ಎಡವಟ್ಟು ಇದೊಂದೇ ಅಲ್ಲ. ಸಾರಿನ ಪುಡಿಯ ಪುಟದಲ್ಲಿ 'ಸಣ್ಣ ಉರಿಯಲ್ಲಿ ಹುರಿಯಿರಿ' ಅನ್ನುವುದು 'ಸಣ್ಣ ಹುರಿಯಲ್ಲಿ ಉರಿಯಿರಿ' ಆಗಿದೆ. ಅದರ ಕೆಳಗಿನ ಸಾಲಿನಲ್ಲಿ 'ಪುಡಿ ಹಾರಿದ ಮೇಲೆ ಡಬ್ಬಿಗೆ ತುಂಬಿ'. ಅದು ಆರಿದ ಮೇಲೆ, ಅಂದರೆ ಬಿಸಿ ಹೋದ ಮೇಲೆ. ಬಿಸಿ ಪುಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ನೀರು ಕೂಡುತ್ತದೆ, ಪುಡಿ ಗಂಟು ಕಟ್ಟುತ್ತದೆ, ಬೂಸ್ಟು ಬರುತ್ತದೆ. ನಮಗೆ ಗೊತ್ತಿರುವುದರಿಂದ ಮನಸ್ಸಿನಲ್ಲೇ ತಿದ್ದಿಕೊಂಡು ಓದುತ್ತೇವೆ. ಆದರೆ ಗೊತ್ತಿರುವವರು ಅಡುಗೆ ಪುಸ್ತಕ ಯಾಕೆ ಕೊಳ್ಳುತ್ತಾರೆ? ಕೊಳ್ಳುವವರು ಗೊತ್ತಿಲ್ಲದವರು. ಮನೆಯಿಂದ ದೂರ ಇರುವವರು, ಪಕ್ಕದಲ್ಲಿ ಕೇಳಲು ಅಮ್ಮ ಅಜ್ಜಿ ಅತ್ತೆ ಯಾರೂ ಇಲ್ಲದವರು. ಅವರಿಗೆ ಪುಟದಲ್ಲಿ ಇರುವುದೇ ಅಮ್ಮನ ಮಾತು.

ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು ಬಸ್ಸಾರಿನ ಪುಟ. ಕಾಳು, ಸೊಪ್ಪು ಬೇಯಿಸಿ ಬಸಿದ ಸಾರು ಅಂತಲೇ ಅದಕ್ಕೆ ಬಸ್ಸಾರು ಅಂತ ಹೆಸರು ಬಂದದ್ದು. ಬಸಿದ ಆ ಕಟ್ಟೇ ಸಾರಿನ ಜೀವ, ಉಳಿದ ಕಾಳು ಸೊಪ್ಪು ಪಲ್ಯಕ್ಕೆ. ಅಲ್ಲಿ ಇರಬೇಕಾದ ಮಾತು 'ಬಸಿದ ನೀರನ್ನು ಚೆಲ್ಲದೆ ಪಕ್ಕಕ್ಕಿಡಿ'. ಅಚ್ಚಾಗಿರುವುದು 'ಬಸಿದ ನೀರನ್ನು ಚೆಲ್ಲಿ ಪಕ್ಕಕ್ಕಿಡಿ'. ಚೆಲ್ಲಿದ ಮೇಲೆ ಪಕ್ಕಕ್ಕಿಡುವುದು ಏನನ್ನು? ವಾಕ್ಯವನ್ನು ಒಂದು ಸಲ ಅರ್ಥ ಮಾಡಿಕೊಂಡು ಓದಿದ್ದರೂ ಸಿಕ್ಕಿಬೀಳುವ ತಪ್ಪು ಇದು. ನಾನು ಪುಸ್ತಕದಲ್ಲಿ ಇದ್ದ ಹಾಗೇ ಮಾಡುತ್ತೇನೆ ಅಂತ ಹಟ ಹಿಡಿದಿದ್ದೆ ನಿಜ, ಆದರೆ ಹುರುಳಿಕಾಳು ಬೆಂದ ಆ ಗಮಗಮ ಅನ್ನೋ ಕಟ್ಟನ್ನು ಸಿಂಕಿಗೆ ಸುರಿಯಲು ಕೈ ಬರಲಿಲ್ಲ. ಅಲ್ಲಿ ಮಾತ್ರ ಪುಸ್ತಕದ ಮಾತು ಮೀರಿದೆ.

ನಮ್ಮ ಭಾಷೆಯಲ್ಲಿ 'ಬೇಡ' ಅನ್ನುವುದು ಕ್ರಿಯಾಪದದ ಒಳಗೇ ಸಣ್ಣದಾಗಿ ಸೇರಿಕೊಂಡಿರುತ್ತದೆ. ಚೆಲ್ಲಿ, ಚೆಲ್ಲದೆ. ಮುಚ್ಚಿ, ಮುಚ್ಚದೆ. ಕಲಕಿ, ಕಲಕದೆ. ತೊಳೆದು, ತೊಳೆಯದೆ. ಒಂದೆರಡು ಅಕ್ಷರ ಆಚೀಚೆ ಆದರೆ ಮಾಡು ಅನ್ನೋದು ಮಾಡಬೇಡ ಆಗುತ್ತದೆ. ಮುದ್ದೆಗೆ ಹಿಟ್ಟು ಗುಡ್ಡೆಯಾಗಿ ಸುರಿದ ಮೇಲೆ ಸ್ವಲ್ಪ ಹೊತ್ತು ಕಲಕದೆ ಬಿಡಬೇಕು, ಆಮೇಲೆ ಕೋಲಿನಲ್ಲಿ ತಿರುವಬೇಕು. ಮೊದಲೇ ಕಲಕಿದರೆ ಗಂಟು. ಹಾಗಾಗಿ ಕನ್ನಡದಲ್ಲಿ ಅಡುಗೆ, ಔಷಧಿ, ಯಂತ್ರ ಇಂಥ ಮಾಡಿ ನೋಡುವ ವಿಷಯದ ಪುಸ್ತಕದ ಕರಡು ತಿದ್ದುವವರು ಈ 'ದೆ'ಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಬೇಕು. ಇದು ವ್ಯಾಕರಣದ ಪಾಠವೇ, ಆದರೆ ಒಲೆ ಮುಂದೆ ನಿಂತವರಿಗೆ ಬೇಕಾದ ಪಾಠ.

ಳಕಾರ ಲಕಾರ, ಣಕಾರ ನಕಾರಕ್ಕೆ ಬರೋಣ. ಮೈಸೂರುಪಾಕಿಗೆ 'ಒಂದೆಲೆ ಪಾಕ ಬರುವವರೆಗೆ ಕುದಿಸಿ' ಅಂತಿದೆ. ಒಂದೆಳೆ ಪಾಕ ಅದು. ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಬಿಟ್ಟರೆ ಒಂದು ಎಳೆ ಬರಬೇಕು, ಅದೇ ಗುರುತು. ಎಲೆ ಅಂತ ಓದಿದವರು ಏನು ಹುಡುಕಬೇಕು? 'ಕಾಲು ಚಮಚ ಮೆಣಸು' ಒಂದು ಕಡೆ 'ಕಾಳು ಚಮಚ ಮೆಣಸು' ಆಗಿದೆ. ಒಬ್ಬಟ್ಟಿನ ಕಣಕ ಎರಡು ಪುಟದಲ್ಲೂ ಕನಕ. ನಾದಬೇಕಾದ ಹಿಟ್ಟು ಚಿನ್ನವಾಗಿ ಕೂತಿದೆ. ಹುಳಿ ಮೂರು ಕಡೆ ಹುಲಿ ಆಗಿದೆ. ಕಾಗುಣಿತದ ತಪ್ಪು ಹಿಡಿಯುವ ತಂತ್ರಾಂಶ ಈಗ ಕನ್ನಡಕ್ಕೂ ಇದೆ, ಆದರೆ ಎಲೆ, ಕಾಳು, ಕನಕ, ಹುಲಿ, ಹೆಸರು ಇವೆಲ್ಲ ಕನ್ನಡದಲ್ಲಿ ಸರಿಯಾದ ಪದಗಳೇ. ಯಾವುದರ ಕೆಳಗೂ ಕೆಂಪು ಗೆರೆ ಬರುವುದಿಲ್ಲ. ಅಡುಗೆ ತಿಳಿದ ಮನುಷ್ಯರೊಬ್ಬರು ಕೂತು ಓದಬೇಕು, ಅಷ್ಟೇ.

ಅಳತೆಗಳಲ್ಲಿ ಆಗಿರುವುದು ಇನ್ನೊಂದು ಥರ. ಹಲವು ಪುಟಗಳಲ್ಲಿ 'ಳಿ ಚಮಚ ಜೀರಿಗೆ', 'ಳಿ ಲೋಟ ನೀರು' ಅಂತಿದೆ. ಮಗಳು ಇದನ್ನು ಓದಿ 'ಳಿ' ಅನ್ನೋದು ಹಳೇ ಕಾಲದ ಅಳತೆ ಇರಬೇಕು ಅಂದುಕೊಂಡಿದ್ದಳಂತೆ. ನಮ್ಮಲ್ಲಿ ಪಾವು, ಅಚ್ಚೇರು, ಸೇರು ಇದ್ದವಲ್ಲ, ಹಾಗೆ. ಅದು ಅರ್ಧದ ಚಿಹ್ನೆ, ½. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಅರ್ಧದ ಚಿಹ್ನೆಗೆ ಇರುವ ಜಾಗದಲ್ಲಿ 'ಳಿ' ಅಕ್ಷರ ಕೂತಿದೆ. ಬೇರೆಲ್ಲೋ ಟೈಪ್ ಮಾಡಿದ ಅರ್ಧದ ಚಿಹ್ನೆಯ ಮೇಲೆ ಆ ಫಾಂಟ್ ಹಾಕಿದರೆ ಅಥವಾ ಆ ಫಾಂಟಿನಿಂದ ಈಗಿನ ಅಕ್ಷರ ಪದ್ಧತಿಯಾದ ಯುನಿಕೋಡ್‌ಗೆ ಬದಲಾಯಿಸುವಾಗ ನೋಡದೆ ಬಿಟ್ಟರೆ ಅರ್ಧ ಹೋಗಿ ಳಿ ಆಗುತ್ತದೆ. ಯಂತ್ರದ ತಪ್ಪು ಅಂತ ಸುಮ್ನೆ ಇರಬಹುದು, ಆದರೆ ಪುಟ ಅಚ್ಚಿಗೆ ಹೋಗುವ ಮೊದಲು 'ಳಿ ಚಮಚ' ಅಂದರೆ ಏನು ಅಂತ ಒಬ್ಬರಾದರೂ ಕೇಳಬೇಕಿತ್ತು. ಳಿ ಅಂತ ಶುರುವಾಗುವ ಪದ ಕನ್ನಡದಲ್ಲಿ ಇದೆಯಾ?

ಅರ್ಕಾವತ್ತಿನ ಗೋಳೂ ಅದೇ ದಾರಿಯಲ್ಲಿ ಬಂದದ್ದು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೇ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ಅದು ಮೊದಲು ಬರಬೇಕು. ಬದಲಾಯಿಸುವಾಗ ಜಾಗ ಸರಿಹೋಗದಿದ್ದರೆ ಕರ್ನಾಟಕ 'ಕನಾರ್ಟಕ' ಆಗುತ್ತದೆ. ಇದನ್ನು ನೀವು ಎಷ್ಟೋ ಕಡೆ ನೋಡಿರುತ್ತೀರಿ. ಈ ಪುಸ್ತಕದಲ್ಲಿ ಕರ್ಜಿಕಾಯಿ 'ಕಜಿರ್ಕಾಯಿ' ಆಗಿದೆ, ಅದೂ ಶೀರ್ಷಿಕೆಯಲ್ಲಿ, ಇಷ್ಟು ದಪ್ಪ ಅಕ್ಷರದಲ್ಲಿ. ಖರ್ಜೂರ 'ಖಜೂರ್ರ'. ಇದರಿಂದ ಯಾರ ಅಡುಗೆಯೂ ಕೆಡುವುದಿಲ್ಲ, ಆದರೆ ಶೀರ್ಷಿಕೆಯನ್ನೂ ಯಾರೂ ಓದಿಲ್ಲ ಅಂತ ಗೊತ್ತಾದ ಮೇಲೆ ಒಳಗಿನ ಅಳತೆಯನ್ನು ನಂಬುವುದು ಹೇಗೆ?

ನಂಬಿ ಕೆಟ್ಟದ್ದೂ ಆಯಿತು. ಹುರುಳಿ ಕಟ್ಟಿನ ಸಾರಿಗೆ 'ಒಗ್ಗರಣೆಗೆ ಒಣಮೆಣಸಿನಕಾಯಿ 12' ಅಂತಿತ್ತು. ಅರೆಯುವ ಮಸಾಲೆಗೆ ಬೇರೆ ಆರು. ನಮ್ಮ ಕಡೆ ಖಾರ ಜಾಸ್ತಿಯೇ, ಇರಬಹುದು ಅಂತ ಹಾಕಿದೆ. ಬಾಯಿಗಿಡಲು ಆಗಲಿಲ್ಲ. ಆಮೇಲೆ ಬೇರೆ ಪುಟಗಳನ್ನು ಹೋಲಿಸಿ ನೋಡಿದಾಗ ತಿಳಿಯಿತು, ಅದು 1-2, ನಡುವಿನ ಗೆರೆ ಬಿದ್ದುಹೋಗಿದೆ. ಗೊಜ್ಜಿಗೆ '23 ಹಸಿಮೆಣಸಿನಕಾಯಿ' ಇದೆ, ಅದು 2-3. ಪುಳಿಯೋಗರೆ ಗೊಜ್ಜಿಗೆ '14 ಚಮಚ ಇಂಗು', ಅದು 1/4. 23, 14 ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. 12 ಬಲು ಅಪಾಯದ ಸಂಖ್ಯೆ. ನಿಜ ಇರಬಹುದೇನೋ ಅನ್ನಿಸುವ ತಪ್ಪು ಅದು. ಜೊತೆಗೆ ಬ್ಯಾಡಗಿಯೋ ಗುಂಟೂರೋ ಅಂತ ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಹಾಗೇ 'ಕೊತ್ತಂಬರಿ ಎರಡು ಚಮಚ' ಅಂದರೆ ಬೀಜವೋ ಸೊಪ್ಪೋ? 'ಕಡಲೆ ಒಂದು ಹಿಡಿ' ಅಂದರೆ ಕಡಲೆಬೇಳೆಯೋ, ಹುರಿಗಡಲೆಯೋ, ಕಡಲೆಕಾಳೋ? ಹೇಳಿದ ಅಮ್ಮನಿಗೆ ಅದು ಕೈಯಲ್ಲೇ ಇರುತ್ತದೆ, ಬಿಡಿಸಿ ಹೇಳಬೇಕು ಅಂತ ಹೊಳೆಯುವುದಿಲ್ಲ. 'ಅಮ್ಮಾ, ಇದು ಯಾವ ಕಡಲೆ?' ಅಂತ ಕೇಳಬೇಕಾದವರು ಸಂಪಾದಕರು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು.

ಅಲ್ಪವಿರಾಮ ಕೂಡ ಸಣ್ಣ ವಿಷಯವಲ್ಲ. 'ಮೆಣಸು ಜೀರಿಗೆ ಕೊತ್ತಂಬರಿ ಬೀಜ ಹುರಿದು ಕಾಯಿತುರಿ ಬೆಳ್ಳುಳ್ಳಿ ಸೇರಿಸಿ ಅರೆಯಿರಿ' ಅಂತ ಒಂದೇ ಉಸಿರಿನಲ್ಲಿ ಬರೆದರೆ ಕಾಯಿ ಹುರಿಯಬೇಕೋ ಹಸಿ ಹಾಕಬೇಕೋ ಗೊತ್ತಾಗುತ್ತದೆ, ಪರವಾಗಿಲ್ಲ. ಆದರೆ ಇಲ್ಲಿ ಯಾರೋ ಅಲ್ಪವಿರಾಮವನ್ನು ತಪ್ಪು ಜಾಗದಲ್ಲಿ ಹಾಕಿದ್ದಾರೆ: 'ಮೆಣಸು ಜೀರಿಗೆ, ಕೊತ್ತಂಬರಿ ಬೀಜ ಹುರಿದು ಕಾಯಿತುರಿ, ಬೆಳ್ಳುಳ್ಳಿ ಸೇರಿಸಿ'. ಈಗ 'ಹುರಿದು ಕಾಯಿತುರಿ' ಒಟ್ಟಿಗೆ ಬಿದ್ದಿದೆ. ಹುರಿದ ಕಾಯಿತುರಿ ಅಂತ ಓದಿಕೊಂಡರೆ ಸಾರಿನ ರುಚಿಯೇ ಬೇರೆ.

ಇನ್ನು ಭಾಷೆಯ ಧಾಟಿ. ಪುಸ್ತಕದ ಮೊದಲ ಅರ್ಧ ಅಮ್ಮನ ಮಾತಿನ ಹಾಗೇ ಇದೆ. ಹಾಕಿ, ಬೇಯಿಸಿ, ಇಳಿಸಿ. ಓದಲು ಹಿತ. 110ನೇ ಪುಟದಿಂದ ಕೈ ಬದಲಾಗಿದೆ. 'ಬದನೆಕಾಯಿಯು ಬೇಯಿಸಲ್ಪಟ್ಟ ನಂತರ ಉಪ್ಪನ್ನು ಸೇರ್ಪಡೆಗೊಳಿಸತಕ್ಕದ್ದು.' ಇದು ಯಾವ ಮನೆಯ ಕನ್ನಡ? ಅಚ್ಚಾಗುವ ಭಾಷೆ ಗಟ್ಟಿಯಾಗಿರಬೇಕು ಅಂತ ಯಾರೋ ಅಂದುಕೊಂಡಿದ್ದಾರೆ. ಗಟ್ಟಿ ಮಾಡಲು ಹೋಗಿ ವ್ಯಾಕರಣವೂ ತಪ್ಪಿದೆ. 'ಮೆಣಸಿನಕಾಯಿಗಳು ಕಪ್ಪಾಗುತ್ತದೆ', 'ಕಾಳುಗಳು ಮೊಳಕೆ ಬರುತ್ತದೆ'. ಮೆಣಸಿನಕಾಯಿ ಕಪ್ಪಾಗುತ್ತದೆ ಅಂದಿದ್ದರೆ ಚೆನ್ನಾಗೇ ಇತ್ತು. 'ಗಳು' ಸೇರಿಸಿದ ಮೇಲೆ ಕ್ರಿಯಾಪದವೂ 'ಕಪ್ಪಾಗುತ್ತವೆ' ಆಗಬೇಕು. ಬೆಳಗಿನ ತಿಂಡಿಗಳ ಅಧ್ಯಾಯಕ್ಕೆ ಉಪಹಾರ ಅಂತ ಹೆಸರಿಟ್ಟಿದ್ದಾರೆ. ಉಪ ಮತ್ತು ಆಹಾರ ಸೇರಿದರೆ ಉಪಾಹಾರ. ಉಪಹಾರ ಅಂದರೆ ಕಾಣಿಕೆ. ಮಧ್ಯಾಹ್ನ ಹತ್ತು ಕಡೆ 'ಮಧ್ಯಾನ್ಹ', ಮುನ್ನುಡಿಯ ಕೊನೆಗೆ 'ಶುಭಾಷಯಗಳು'. ತಿಂಡಿ ಅಂತಲೇ ಬರೆದಿದ್ದರೆ ತಪ್ಪಾಗುತ್ತಲೇ ಇರಲಿಲ್ಲ, ಅಮ್ಮ ಹೇಳಿದ್ದೂ ತಿಂಡಿ ಅಂತಲೇ ಇರುತ್ತದೆ. ಅರಿಶಿನವೋ ಅರಸಿನವೋ, ಮೆಂತ್ಯವೋ ಮೆಂತೆಯೋ, ಅದಕ್ಕೆಲ್ಲ ನನ್ನ ತಕರಾರಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ರೀತಿ. ಮಹಾಪ್ರಾಣವೇ ಬೇಡ, ಆಡುವ ಹಾಗೇ ಬರೆಯೋಣ ಅಂತ ಡಿ.ಎನ್. ಶಂಕರ ಭಟ್ಟರಂಥ ದೊಡ್ಡ ವಿದ್ವಾಂಸರೇ ವಾದ ಮಾಡಿದ್ದಾರೆ, ಅದು ಯೋಚನೆ ಮಾಡಿ ಆರಿಸಿಕೊಂಡ ದಾರಿ. ಇಲ್ಲಿ ಆಗಿರುವುದು ಆಯ್ಕೆ ಅಲ್ಲ. ಒಂದೇ ಪುಟದಲ್ಲಿ ಒಂದೇ ಪದ ಮೂರು ರೀತಿ ಇದ್ದರೆ ಯಾರೂ ನೋಡಿಲ್ಲ ಅಂತಲೇ ಅರ್ಥ.

ಕನ್ನಡದಲ್ಲಿ ಅಡುಗೆ ಬರೆದಿಡುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲೇ ಪಾಕದ ಅಧ್ಯಾಯ ಇದೆ. ಹದಿನಾರನೇ ಶತಮಾನದಲ್ಲಿ ಮಂಗರಸ ಇಡೀ ಸೂಪಶಾಸ್ತ್ರವನ್ನೇ, ಅಂದರೆ ಅಡುಗೆಯ ಶಾಸ್ತ್ರವನ್ನೇ, ವಾರ್ಧಕ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದಲ್ಲಿ ಬರೆದ. ನನಗೆ ಅನ್ನಿಸುವುದು, ಪದ್ಯಕ್ಕೆ ಅದೊಂದು ಕಾವಲು. ನಕಲು ಮಾಡುವವನು ಒಂದು ಅಕ್ಷರ ಬಿಟ್ಟರೆ ಮಾತ್ರೆ ತಪ್ಪಿ ಪದ್ಯ ಕುಂಟುತ್ತದೆ, ಓದುವವನಿಗೆ ಇಲ್ಲೇನೋ ಬಿಟ್ಟಿದೆ ಅಂತ ಗೊತ್ತಾಗುತ್ತದೆ. ನಾವು ಬರೆಯುವ ಗದ್ಯಕ್ಕೆ ಅಂಥ ಕಾವಲು ಇಲ್ಲ. 'ಚೆಲ್ಲದೆ' ಹೋಗಿ 'ಚೆಲ್ಲಿ' ಆದರೂ ವಾಕ್ಯ ನೆಟ್ಟಗೆ ನಿಂತಿರುತ್ತದೆ. ಕಾಯಬೇಕಾದವರು ಕರಡು ತಿದ್ದುವವರು ಮಾತ್ರ.

ಈ ಕೆಲಸ ಹೇಗೆ ಮಾಡಬೇಕು ಅಂತ ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ನಮ್ಮಪ್ಪ ಮಂಡ್ಯದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುತ್ತಿದ್ದರು. ಮದುವೆ ಕರೆಯೋಲೆ ಆದರೂ ಸರಿ, ಒಬ್ಬರು ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಚ್ಚು ನೋಡುತ್ತಾ ಹೋಗಬೇಕು. ಕೆಲವು ಸಲ ಕರಡನ್ನು ಮನೆಗೇ ತರುತ್ತಿದ್ದರು. ಅಮ್ಮ ಬೀಸುವುದನ್ನು ಬಿಟ್ಟು ಬಂದು ಓದೋರು, ಅಪ್ಪ ಕೆಂಪು ಪೆನ್ಸಿಲ್ ಹಿಡಿದು ಕೇಳೋರು. ಒತ್ತಕ್ಷರ ಬಂದಲ್ಲಿ ಅಮ್ಮ ನಿಂತು 'ತಕ್ಕೆ ಥ ಒತ್ತು' ಅಂತ ಬಿಡಿಸಿ ಹೇಳಬೇಕಿತ್ತು. ತಾರೀಖು, ಮುಹೂರ್ತದ ಗಂಟೆ ಎರಡು ಸಲ. ತಪ್ಪು ಉಳಿದರೆ ಅಪ್ಪನ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು ಅನ್ನೋದು ಒಂದು, ಇನ್ನೊಂದು ಊರಲ್ಲಿ ತಲೆ ಎತ್ತಿಕೊಂಡು ಓಡಾಡಬೇಕಿತ್ತು. ಇವತ್ತು ತಿದ್ದುವುದು ಎಷ್ಟು ಸುಲಭ! ಮೊಳೆ ಕೀಳಬೇಕಾಗಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು. ಆದರೂ ಕೂತು ಓದುವವರು ಮಾತ್ರ ಬೇಕೇ ಬೇಕು, ಅದನ್ನು ಗುಂಡಿ ಮಾಡುವುದಿಲ್ಲ.

ಈ ಪುಸ್ತಕದ ಎರಡನೇ ಪುಟದಲ್ಲಿ ಮುಖಪುಟ ಯಾರದು, ಅಕ್ಷರ ಜೋಡಣೆ ಯಾರದು, ಮುದ್ರಣ ಎಲ್ಲಿ, ಕಾಗದ ಎಷ್ಟು ಜಿಎಸ್‌ಎಂ, ಪ್ರತಿಗಳು 1000, ಎಲ್ಲ ಇದೆ. ಕರಡು ತಿದ್ದಿದವರು ಅಂತ ಒಂದು ಹೆಸರೂ ಇಲ್ಲ. ಮೊದಲು ಅದನ್ನು ಗಮನಿಸಿರಲಿಲ್ಲ. ಈಗ ಯಾವ ಪುಸ್ತಕ ತೆಗೆದರೂ ಮೊದಲು ನೋಡುವುದು ಅದನ್ನೇ.

ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರು. "ಕರಡು ನೋಡೋಕೆ ಅಂತ ಬೇರೆ ಜನ ಇಟ್ಕೊಳ್ಳೋಷ್ಟು ಬಜೆಟ್ ಇರಲ್ಲ ಮೇಡಂ, ಟೈಪ್ ಮಾಡಿದವರೇ ಒಂದ್ಸಲ ನೋಡಿರ್ತಾರೆ. ಮುಂದಿನ ಮುದ್ರಣದಲ್ಲಿ ಸರಿ ಮಾಡ್ತೀವಿ" ಅಂದರು. ಕಷ್ಟ ನನಗೆ ಅರ್ಥವಾಗುತ್ತದೆ. ಕನ್ನಡ ಪುಸ್ತಕ ಸಾವಿರ ಪ್ರತಿ ಖರ್ಚಾಗುವುದೇ ಕಷ್ಟ. ಆದರೆ ತಾನೇ ಟೈಪ್ ಮಾಡಿದ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ, ಕಣ್ಣು ಇರಬೇಕಾದದ್ದನ್ನೇ ಓದಿಕೊಂಡು ಹೋಗುತ್ತದೆ. ದುಡ್ಡಿಲ್ಲ ಅಂದರೆ ಬೇರೆ ದಾರಿಗಳಿವೆ. ಅಡುಗೆ ಬಾರದ ಇಬ್ಬರು ಹುಡುಗರಿಗೆ ನಾಲ್ಕು ಪುಟ ಕೊಟ್ಟು ಮಾಡಿ ನೋಡ್ರಪ್ಪ ಅನ್ನಬಹುದಿತ್ತು. ಬರೆಸಿದ ಅಮ್ಮನಿಗೆ ಯಾರಾದರೂ ಪೂರ್ತಿ ಓದಿ ಕೇಳಿಸಬಹುದಿತ್ತು. 'ಬಸಿದ ನೀರನ್ನು ಚೆಲ್ಲಿ' ಅಂದ ಕೂಡಲೇ ಅವರು ಕೂಗಿಕೊಳ್ಳುತ್ತಿದ್ದರು, ಅಲ್ವಾ? ಹಿಂದೆ ಪುಸ್ತಕದ ಕೊನೆಗೆ ತಪ್ಪು ಒಪ್ಪುಗಳ ಪಟ್ಟಿ ಅಂಟಿಸುತ್ತಿದ್ದರು, ಅದೂ ಒಂದು ಮರ್ಯಾದೆಯ ಕ್ರಮ. ಈಗಲೂ ಒಂದು ಹಾಳೆ ಅಚ್ಚು ಹಾಕಿ ಉಳಿದ ಪ್ರತಿಗಳಲ್ಲಿ ಇಡಬಹುದು. ನಾನು ಗುರುತು ಮಾಡಿದ 63 ತಪ್ಪುಗಳನ್ನು ಪುಟ, ಸಾಲು ಸಮೇತ ಬರೆದು ಕಳಿಸಿದ್ದೇನೆ. ಇವು ಅಡುಗೆ ಕೆಡಿಸುವ ತಪ್ಪುಗಳು ಮಾತ್ರ, ಬರೀ ಕಾಗುಣಿತದವನ್ನು ಎಣಿಸಿಲ್ಲ. ನೋಡಿದ್ದಾರೆ ಅಂತ ನೀಲಿ ಗುರುತು ಬಂದಿದೆ, ಉತ್ತರ ಇನ್ನೂ ಬಂದಿಲ್ಲ.

ಕೊಳ್ಳಬಹುದಾ ಅಂತ ಕೇಳಿದರೆ: ಈ ಅಡುಗೆಗಳನ್ನು ಮನೆಯಲ್ಲಿ ತಿಂದು ಬೆಳೆದವರು, ಕೈಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳುವವರು ಕೊಳ್ಳಿ, 280 ರೂಪಾಯಿಗೆ ಮೋಸವಿಲ್ಲ. ಹೊಸದಾಗಿ ಕಲಿಯುವವರಿಗೆ, ಪರಊರಿನಲ್ಲಿ ಇರುವ ಮಕ್ಕಳಿಗೆ ಉಡುಗೊರೆ ಕೊಡಲು ಈ ಮುದ್ರಣ ಬೇಡ. ಐದಕ್ಕೆ ಅಡುಗೆಗೆ ಐದು, ಕಾಗದ ಬೈಂಡಿಂಗಿಗೆ ನಾಲ್ಕು, ಸಂಪಾದನೆಗೆ ಒಂದು ಕೊಡುತ್ತೇನೆ. ಆ ಒಂದು ಕೂಡ ಮೊದಲ ಅರ್ಧದಲ್ಲಿ ಅಮ್ಮನ ಮಾತನ್ನು ಹಾಗೇ ಬಿಟ್ಟದ್ದಕ್ಕೆ. ಅಂಗಡಿಯಲ್ಲಿ ಯಾವುದೇ ಅಡುಗೆ ಪುಸ್ತಕ ತೆಗೆದಾಗ ಒಂದು ಕೆಲಸ ಮಾಡಿ. ನಿಮಗೆ ಚೆನ್ನಾಗಿ ಬರುವ ಒಂದು ಅಡುಗೆಯ ಪುಟ ತೆಗೆಯಿರಿ. ಬೇಕಾಗುವ ಸಾಮಾನಿನ ಪಟ್ಟಿಯಲ್ಲಿ ಇರುವುದೆಲ್ಲ ಮಾಡುವ ವಿಧಾನದಲ್ಲಿ ಬಂದಿದೆಯಾ ನೋಡಿ. ಇದರಲ್ಲಿ ಗೊಜ್ಜಿನ ಪಟ್ಟಿಯಲ್ಲಿ ಬೆಲ್ಲ ಇದೆ, ಆದರೆ ಯಾವಾಗ ಹಾಕಬೇಕು ಅಂತ ಎಲ್ಲೂ ಇಲ್ಲ. ಎರಡು ನಿಮಿಷದ ಕೆಲಸ, ಪುಸ್ತಕದ ಹಣೆಬರಹ ಗೊತ್ತಾಗುತ್ತದೆ.

ಮಗಳ ಪ್ರತಿಯನ್ನು ವಾಪಸ್ ತರಿಸಿಕೊಂಡೆ. 216 ಪುಟವನ್ನೂ ತಿದ್ದಿ, ಳಿ ಇದ್ದಲ್ಲೆಲ್ಲ ಅರ್ಧ ಬರೆದು, ಬ್ಯಾಡಗಿ ಗುಂಟೂರು ಗುರುತು ಹಾಕಿ ಮೊನ್ನೆ ಪುಣೆಗೆ ಕೊರಿಯರ್ ಮಾಡಿದೆ. 46ನೇ ಪುಟದಲ್ಲಿ 'ಹೆಸರು' ಹೊಡೆದುಹಾಕಿ 'ಎಸರು' ಅಂತ ಬರೆದು, ಪಕ್ಕದ ಖಾಲಿ ಜಾಗದಲ್ಲಿ ಎಸರು ಅಂದರೆ ಏನು ಅಂತ ಎರಡು ಸಾಲು ಬರೆದಿದ್ದೇನೆ. ನಿನ್ನೆ ರಾತ್ರಿ ಫೋನ್ ಮಾಡಿ "ಅಮ್ಮಾ, ಎಸರಿಟ್ಟಿದೀನಿ" ಅಂದಳು.